ಮಹದೇವಸ್ವಾಮಿ ಮೇಷ್ಟರ ಕಣಗಳು

ನಿವೃತ್ತಿಯಾಗಿ ವರ್ಷವಾಗುತ್ತ ಬಂತು. ಈಗಲೂ ಬೆಳಿಗ್ಗೆ ಒಂಬತ್ತಾದರೆ ನನ್ನ ಕೈಗಳು ಏನನ್ನೋ ಹುಡುಕುತ್ತವೆ. ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದರೂ, ಕಣ ಬೆಳೆಸುವ ಇನ್ಕ್ಯುಬೇಟರಿನ ಬಾಗಿಲು ತೆರೆದಾಗ ಮುಖಕ್ಕೆ ತಾಗುತ್ತಿದ್ದ ಆ ಬೆಚ್ಚನೆಯ ಗಾಳಿ ಬೇಕೆನಿಸುತ್ತದೆ. ಮೊನ್ನೆ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರಿಬ್ಬರು ಮನೆಗೆ ಬಂದಿದ್ದರು. ಕೆಲಸದ ಕ್ರಮವೆಲ್ಲ ಕಡತದಲ್ಲಿದೆ, ಕಡತದಲ್ಲಿ ಇಲ್ಲದ್ದನ್ನು ಬರೆದುಕೊಡಿ ಎಂದು ಕೇಳಿದರು. ಕಾಫಿ ಕುಡಿದು ಹೊರಟುಹೋದರು. ಅವರು ಹೋದ ಮೇಲೆ ಕೂತು ಯೋಚಿಸಿದರೆ ನೆನಪಾದದ್ದೆಲ್ಲ ಒಬ್ಬರೇ ಮನುಷ್ಯರ ಸುತ್ತ ಬಂದು ನಿಂತಿತು. ಅದನ್ನೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಅಶೋಕಪುರದಲ್ಲಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಿ.ಎಸ್ಸಿ. ಮುಗಿಸಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿ ಒಂದು ಆಸ್ಪತ್ರೆಯ ರಕ್ತನಿಧಿ ಸೇರಿದವಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದೆ. ಸೂಜಿ ಚುಚ್ಚುವುದು, ಚೀಲ ತೂಗುವುದು, ಗುಂಪು ನೋಡುವುದು. ಮಹದೇವಸ್ವಾಮಿ ಮೇಷ್ಟರ ಪರಿಚಯವಾದದ್ದು ಅಲ್ಲಿಯೇ. ಕುವೆಂಪುನಗರದ ಒಂದು ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಕರು. ಹುಟ್ಟಿದ್ದು ನಂಜನಗೂಡಿನ ಕಡೆಯ ಹಳ್ಳಿಯಲ್ಲಿ, ಬೇಸಾಯದ ಮನೆತನ. ಇನ್ನೂ ನಲವತ್ತು ಮುಟ್ಟಿರಲಿಲ್ಲ. ಪ್ಲೇಟ್‌ಲೆಟ್ ಬೇಕೆಂದು ಫೋನ್ ಮಾಡಿದರೆ ಟ್ರ್ಯಾಕ್‌ಪ್ಯಾಂಟಿನಲ್ಲೇ, ಕುತ್ತಿಗೆಯಲ್ಲಿ ಸೀಟಿ ನೇತಾಡಿಸಿಕೊಂಡು ಸ್ಕೂಟರಿನಲ್ಲಿ ಬಂದುಬಿಡುತ್ತಿದ್ದರು.

ಪ್ಲೇಟ್‌ಲೆಟ್ ತೆಗೆಯುವ ಯಂತ್ರ ರಕ್ತವನ್ನು ಒಂದು ತೋಳಿನಿಂದ ಎಳೆದುಕೊಂಡು, ಬೇಕಾದ್ದನ್ನು ಸೋಸಿ, ಉಳಿದದ್ದನ್ನು ಇನ್ನೊಂದು ತೋಳಿಗೆ ವಾಪಸು ಕೊಡುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಬೆರೆಸುವ ಔಷಧಿಯಿಂದ ಕೆಲವರಿಗೆ ತುಟಿ ಜುಮ್ಮೆನ್ನುತ್ತದೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಸರಿಹೋಗುತ್ತದೆ. ಮೇಷ್ಟರಿಗೆ ಪ್ರತಿ ಸಲವೂ ಜುಮ್ಮೆನ್ನುತ್ತಿತ್ತು. ಆದರೂ ಮಾತ್ರೆ ಕೇಳುತ್ತಿರಲಿಲ್ಲ, ಅವರು ತುಟಿ ಸವರಿಕೊಳ್ಳುವುದನ್ನು ನೋಡಿ ನಾನೇ ಕೊಡಬೇಕಿತ್ತು. ಎರಡು ಗಂಟೆ ಅಲ್ಲಾಡದೆ ಕೂರುವುದು ಅವರಿಗೆ ಕಷ್ಟ. ಅದಕ್ಕೆ ತಮ್ಮ ಖೋಖೋ ತಂಡದ ಹುಡುಗರ ಕಥೆಗಳನ್ನು ಹೇಳುತ್ತಲೇ ಇರುತ್ತಿದ್ದರು. ಯಾರು ಜೋರಾಗಿ ಓಡುತ್ತಾನೆ, ಯಾರು ಕಳ್ಳಾಟ ಆಡುತ್ತಾನೆ, ಎಲ್ಲ ನನಗೆ ಬಾಯಿಪಾಠವಾಗಿತ್ತು.

ಡಾಕ್ಟರ್ ಇಂದಿರಾ ಬಂದದ್ದು ಆ ದಿನಗಳ ಕೊನೆಯಲ್ಲಿ. ಅವರದು ಲಕ್ಷ್ಮೀಪುರಂ. ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರಂತೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಕ್ಯಾನ್ಸರ್ ರೋಗಿಗಳಿಗಾಗಿ ರಕ್ತದ ಕಣಗಳನ್ನು ಬೆಳೆಸುವ ಲ್ಯಾಬೊಂದನ್ನು ರಿಂಗ್ ರೋಡಿನ ಆಚೆ ಶುರುಮಾಡಿದ್ದರು. ರಕ್ತನಿಧಿಗೆ ಬಂದು ಒಂದು ಮೂಲೆಯಲ್ಲಿ ನಿಂತು, ನಾನು ಕೆಲಸ ಮಾಡುವುದನ್ನು ಅರ್ಧ ದಿನ ನೋಡಿದರು. ಹೊರಡುವಾಗ, ‘ನೀವು ಅವಸರ ಮಾಡೋದಿಲ್ಲ, ನಮ್ಮಲ್ಲಿಗೆ ಬರ್ತೀರಾ?’ ಎಂದು ಕೇಳಿದರು. ಹೋದೆ. ನಲವತ್ತೇಳನೆಯ ವಯಸ್ಸಿನಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರ ಪಕ್ಕ ಕೂತು ನೋಟ್ಸ್ ಬರೆದುಕೊಂಡೆ.

ಮೊದಲ ವರ್ಷಗಳಲ್ಲಿ ನಾವು ರೋಗಿಯದೇ ಕಣಗಳನ್ನು ತೆಗೆದು ಬೆಳೆಸುತ್ತಿದ್ದೆವು. ನಮ್ಮ ರಕ್ತದಲ್ಲಿ ಟಿ ಕಣಗಳೆಂದು ಇವೆ. ಮೈಯೊಳಗೆ ಸುತ್ತುತ್ತಾ, ನಮ್ಮದಲ್ಲದ್ದು ಕಂಡರೆ ಕೊಲ್ಲುವುದು ಅವುಗಳ ಕೆಲಸ. ಆದರೆ ರಕ್ತದ ಕ್ಯಾನ್ಸರ್ ನಮ್ಮದೇ ಕಣದ ವೇಷದಲ್ಲಿರುವುದರಿಂದ ಅವಕ್ಕೆ ಗುರುತು ಸಿಗುವುದಿಲ್ಲ. ಆ ಗುರುತನ್ನು ಅವಕ್ಕೆ ಕಲಿಸುವ ಒಂದು ಜೀನನ್ನು ಒಳಗೆ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ, ರೋಗಿಗೇ ವಾಪಸು ಕೊಡುತ್ತಿದ್ದೆವು. ಇದಕ್ಕೆ ವಾರಗಳು ಹಿಡಿಯುತ್ತಿದ್ದವು. ಕೀಮೋ ಪಡೆದು ಪಡೆದು ಬಸವಳಿದವರ ಕಣಗಳು ಬೆಳೆಯುವುದೂ ನಿಧಾನ.

ಅಶೋಕಪುರದ ಟೈಲರ್ ಒಬ್ಬರ ಕಣಗಳು ನನ್ನ ಕೈಯಲ್ಲಿದ್ದವು. ನಮ್ಮ ಬೀದಿಯವರೇ. ನನ್ನ ಅಕ್ಕನ ಮದುವೆಯ ರವಿಕೆ ಹೊಲಿದವರು. ಅವು ಬೆಳೆಯಲೇ ಒಲ್ಲವು. ದಿನಾ ಎಣಿಸುತ್ತಿದ್ದೆ, ಲೆಕ್ಕ ಏರುತ್ತಿರಲಿಲ್ಲ. ಹತ್ತೊಂಬತ್ತನೆಯ ದಿನ ಇದ್ದಕ್ಕಿದ್ದಂತೆ ಹಿಡಿದುಕೊಂಡವು. ಚೀಲ ತುಂಬಿ, ಚೀಟಿ ಅಂಟಿಸಿ ಆಸ್ಪತ್ರೆಗೆ ಫೋನ್ ಮಾಡಿದರೆ, ಅವರು ತೀರಿಕೊಂಡು ಎರಡು ದಿನವಾಯಿತು ಎಂದರು. ಆ ಚೀಲವನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಇಂದಿರಾ ಮೇಡಂ ಅದರ ಮುಂದೆ ಬಹಳ ಹೊತ್ತು ಕೂತಿದ್ದರು. ‘ಬಂದವರಿಗೆ ಕೊಡೋಕೆ ಮೊದಲೇ ಸಿದ್ಧವಾಗಿರಬೇಕು ಸರೋಜಾ. ಕಾಯಿಸಬಾರದು’ ಎಂದಷ್ಟೇ ಹೇಳಿದರು.

ಮೊದಲೇ ಸಿದ್ಧವಾಗಿರಬೇಕಾದರೆ ಆರೋಗ್ಯವಂತರ ಕಣ ಬೇಕು. ಆದರೆ ಬೇರೆಯವರ ಟಿ ಕಣವನ್ನು ರೋಗಿಯ ಮೈಗೆ ಬಿಟ್ಟರೆ, ಅದಕ್ಕೆ ಆ ಮೈಯೆಲ್ಲಾ ಪರಕೀಯ. ಚರ್ಮ, ಕರುಳು, ಯಕೃತ್ತು ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ದಾನಿಯ ಕಣದಲ್ಲಿ ತನ್ನದು-ಪರರದು ಎಂದು ಎಣಿಸುವ ಜೀನನ್ನು ಕತ್ತರಿಸಿ ತೆಗೆಯಬೇಕು. ಅದಕ್ಕೆಂದೇ ಒಂದು ಕಿಣ್ವವಿದೆ, ನಾವು ಅದನ್ನು ಕತ್ತರಿ ಎಂದೇ ಕರೆಯುತ್ತಿದ್ದೆವು. ಕತ್ತರಿಸಿದ ಮೇಲೆ ಕ್ಯಾನ್ಸರನ್ನು ಗುರುತಿಸುವ ಜೀನನ್ನು ಸೇರಿಸುವುದು. ಕತ್ತರಿ ತಾಗದೆ ಉಳಿದ ಕಣಗಳಿಗೆ ಕಬ್ಬಿಣದಂಶದ ಸೂಕ್ಷ್ಮ ಮಣಿ ಅಂಟಿಸಿ, ಅಯಸ್ಕಾಂತದಿಂದ ಹಿಡಿದು ಆಚೆ ಹಾಕುವುದು. ಒಂದಿಷ್ಟು ಉಳಿದರೂ ರೋಗಿಗೆ ಅಪಾಯ. ಹೀಗೆ ಸಿದ್ಧವಾದದ್ದನ್ನು ದ್ರವ ಸಾರಜನಕದ ತೊಟ್ಟಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ.

ದಾನಿ ಯಾರು ಎಂಬ ಮಾತು ಬಂದಾಗ ನನಗೆ ಹೊಳೆದದ್ದು ಮೇಷ್ಟರೇ. ಶಾಲೆಯ ಮೈದಾನಕ್ಕೇ ಹೋಗಿ ಕೇಳಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಕತ್ತರಿಸುತ್ತೇವೆ ಎಂದಾಗ ಮಾತ್ರ ಅವರ ಹುಬ್ಬು ಮೇಲೆ ಹೋಯಿತು.

‘ನನ್ ಕಣಾನ ನೀವು ಬ್ಯಾರೆ ತರ ಮಾಡ್ಬುಟ್ರೆ, ಅದು ಇನ್ನೂ ನಂದೇನಾ ಮೇಡಂ?’ ಎಂದು ಕೇಳಿದರು.

ಎಲ್ಲವೂ ನಿಮ್ಮದೇ ಇರುತ್ತದೆ, ಯಾರು ತನ್ನವರು ಯಾರು ಹೊರಗಿನವರು ಎಂದು ನೋಡುವ ಒಂದು ಗುಣ ಮಾತ್ರ ಹೋಗಿರುತ್ತದೆ ಎಂದೆ. ಅವರು ಮೈದಾನದ ಕಡೆ ತಿರುಗಿ ಹುಡುಗರ ಆಟ ನೋಡಿದರು. ಆಮೇಲೆ, ‘ಅದು ಓದ್ರೆ ಒಳ್ಳೇದೇ ಬುಡಿ’ ಎಂದು ನಕ್ಕು, ಯಾವತ್ತು ಬರಬೇಕು ಎಂದು ಕೇಳಿದರು.

ಅವರ ಮೊದಲ ದಾನ ಏನಾಯಿತು ಎಂಬುದನ್ನು ಹೊಸದಾಗಿ ಸೇರಿದ ನೀವಿಬ್ಬರೂ ಚೆನ್ನಾಗಿ ಕೇಳಿಸಿಕೊಳ್ಳಬೇಕು. ಕತ್ತರಿಯನ್ನು ಕಣದೊಳಗೆ ಕಳಿಸಲು ಕ್ಷಣಕಾಲ ವಿದ್ಯುತ್ ಕೊಡುತ್ತೇವೆ, ಆಗ ಕಣದ ಪೊರೆ ತೆರೆದುಕೊಳ್ಳುತ್ತದೆ. ಅದಕ್ಕೆ ಮುಂಚೆ ಕಣಗಳಿಗೆ ಅಂಟಿದ ಉಪ್ಪಿನಂಶವನ್ನು ಎರಡು ಸಲ ತೊಳೆದು ತೆಗೆಯಬೇಕು. ನನಗೆ ಒಂದು ಕೆಟ್ಟ ಅಭ್ಯಾಸ ಬೆಳೆದಿತ್ತು. ಮುಂದಿನ ಹೆಜ್ಜೆಗೆ ಹಾಳೆಯಲ್ಲಿ ಮೊದಲೇ ಟಿಕ್ ಹಾಕಿಕೊಂಡು, ಆಮೇಲೆ ಕೆಲಸ ಮಾಡುತ್ತಿದ್ದೆ. ಆ ದಿನ ಎರಡನೆಯ ತೊಳೆತಕ್ಕೆ ಟಿಕ್ ಹಾಕಿದೆ. ಅಷ್ಟರಲ್ಲಿ ಪಕ್ಕದ ಕೋಣೆಯ ಫ್ರೀಜರಿನ ಅಲಾರಂ ಹೊಡೆದುಕೊಂಡಿತು. ಹೋಗಿ ನೋಡಿ ಬಂದೆ. ಹಾಳೆಯಲ್ಲಿ ಟಿಕ್ ಇತ್ತು. ತೊಳೆದಿದ್ದೇನೆ ಎಂದುಕೊಂಡು ವಿದ್ಯುತ್ ಕೊಟ್ಟೆ. ಪಟ್ ಎಂದು ಸದ್ದಾಯಿತು. ಉಳಿದ ಉಪ್ಪಿನಿಂದ ಕಿಡಿ ಹಾರಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಕಣವೂ ನೆಟ್ಟಗಿರಲಿಲ್ಲ. ಒಡೆದ ಸಿಪ್ಪೆಗಳು ತೇಲುತ್ತಿದ್ದವು.

ಒಬ್ಬ ಮನುಷ್ಯ ಐದು ಗಂಟೆ ಎರಡೂ ತೋಳು ಚಾಚಿ ಕೂತು ಕೊಟ್ಟದ್ದನ್ನು ನಾನು ಒಂದು ಕ್ಷಣದಲ್ಲಿ ಕೊಂದಿದ್ದೆ. ಮೇಡಂ ಕೋಣೆಗೆ ಹೋಗಿ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಹಾಳೆಯನ್ನು ತಿರುಗಿಸಿ, ಆ ಟಿಕ್ ಗುರುತನ್ನು ನೋಡಿದರು.

‘ಮೇಷ್ಟರಿಗೆ ಫೋನ್ ನೀವೇ ಮಾಡಿ’ ಎಂದರು. ‘ಯಂತ್ರ ಕೆಟ್ಟಿತ್ತು ಅಂತ ಹೇಳಬೇಡಿ.’

ಫೋನಿನಲ್ಲಿ ಹೇಳಲು ಮನಸ್ಸಾಗದೆ ಮತ್ತೆ ಮೈದಾನಕ್ಕೇ ಹೋದೆ. ಯಂತ್ರದ್ದೇನೂ ತಪ್ಪಿಲ್ಲ ಸಾರ್, ನಾನೇ ತೊಳೆಯಲಿಲ್ಲ, ಎಲ್ಲ ಹೋಯಿತು ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವರು ನನ್ನನ್ನು ಹೊಂಗೆ ಮರದ ನೆರಳಿಗೆ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದರು. ತಮ್ಮ ನೀರಿನ ಬಾಟಲಿ ಕೊಟ್ಟರು. ಜಿಲ್ಲಾ ಮಟ್ಟದ ಫೈನಲ್‌ನಲ್ಲಿ ತಾವು ಆಟಗಾರರ ಪಟ್ಟಿಯಲ್ಲಿ ಒಬ್ಬನ ಹೆಸರು ಬರೆಯುವುದನ್ನು ಮರೆತು, ತಂಡದ ಅತ್ಯಂತ ಚುರುಕಿನ ಹುಡುಗ ಹೊರಗೆ ಕೂತು ಅತ್ತ ಕಥೆ ಹೇಳಿದರು. ಇಷ್ಟು ವರ್ಷವಾದರೂ ಆ ಹುಡುಗನ ಮುಖ ಎದುರಿಗೆ ಬರುತ್ತದೆ ಎಂದರು. ಮತ್ತೆ ಯಾವತ್ತು ಬರಲಿ ಎಂದು ಅವರಾಗಿಯೇ ಕೇಳಿದರು. ಎರಡು ತಿಂಗಳು ಕಳೆದು ಬಂದು, ಇನ್ನೊಮ್ಮೆ ಐದು ಗಂಟೆ ಕೂತರು. ಅವರ ತುಟಿ ನೋಡುತ್ತಾ, ಮಾತ್ರೆ ಕೊಡುತ್ತಾ ನಾನು ಪಕ್ಕದಲ್ಲೇ ಇದ್ದೆ. ಅವತ್ತಿನಿಂದ ನಿವೃತ್ತಿಯವರೆಗೆ ಕೆಲಸ ಮುಗಿಯದೆ ಯಾವ ಹಾಳೆಗೂ ನಾನು ಟಿಕ್ ಹಾಕಲಿಲ್ಲ.

ಎರಡನೆಯ ಸಲದ ಕಣಗಳು ಬೆಳೆದ ರೀತಿಯನ್ನು ನಾನು ಇನ್ನೆಲ್ಲೂ ಕಾಣಲಿಲ್ಲ. ಮೊದಲ ದಿನ ಚೆಲ್ಲಿದ ರಾಗಿಯ ಹಾಗೆ ಚದುರಿಕೊಂಡಿದ್ದವು. ಮೂರನೆಯ ದಿನಕ್ಕೆ ಗೊಂಚಲು ಗೊಂಚಲಾಗಿ ಸೇರಿ ಹಿಗ್ಗತೊಡಗಿದವು. ಐದನೆಯ ದಿನಕ್ಕೆ ಆಹಾರದ ದ್ರವ ಗುಲಾಬಿ ಬಣ್ಣದಿಂದ ಹಳದಿಗೆ ತಿರುಗಿಬಿಡುತ್ತಿತ್ತು, ಅಷ್ಟು ಹಸಿವು. ಬೆಳಿಗ್ಗೆ ಬಂದವಳೇ ಚೀಲ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನನಗೆ ಈಗ ತುಂಬಾ ಬೇಕೆನಿಸುವುದು ಆ ಹನ್ನೆರಡು ದಿನಗಳು. ಕಿಟಕಿಯಾಚೆ ಬೆಟ್ಟ, ಒಳಗೆ ಫ್ಯಾನಿನ ಒಂದೇ ಸಮನೆ ಸದ್ದು, ಮೈಕ್ರೋಸ್ಕೋಪಿನ ಕೆಳಗೆ ಒಂದೊಂದು ಕಣವೂ ಒಂದು ತುದಿ ಚಾಚಿ ನಿಧಾನಕ್ಕೆ ಸರಿದಾಡುವುದು. ಮೇಷ್ಟರು ವಾರಕ್ಕೊಮ್ಮೆ ಫೋನ್ ಮಾಡಿ, ‘ನನ್ ಹುಡುಗ್ರು ಎಂಗವ್ರೆ ಮೇಡಂ?’ ಎಂದು ಕೇಳುತ್ತಿದ್ದರು. ಚೆನ್ನಾಗಿ ಆಡಿಕೊಂಡಿದ್ದಾರೆ ಸಾರ್ ಎನ್ನುತ್ತಿದ್ದೆ. ಅಷ್ಟು ಹೇಳಲು ನಿಯಮದ ಅಡ್ಡಿ ಇರಲಿಲ್ಲ.

ಕೊನೆಗೆ ಮೂರು ಚೀಲಗಳಾದವು. ಒಂದು ಪರೀಕ್ಷೆಗಳಿಗೇ ಹೋಯಿತು. ಎರಡು ತೊಟ್ಟಿ ಸೇರಿದವು.

ಮೊದಲ ಚೀಲ ಹೋದದ್ದು ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗಿಗೆ. ಎಲ್ಲ ಚಿಕಿತ್ಸೆ ಮುಗಿದು, ಆದರೂ ಕಾಯಿಲೆ ಮೂರನೆಯ ಸಲ ತಿರುಗಿ ಬಂದಿತ್ತು. ಹೆಪ್ಪುಗಟ್ಟಿದ ಚೀಲವನ್ನು ಆಸ್ಪತ್ರೆಗೆ ಒಯ್ದು, ಹಾಸಿಗೆಯ ಪಕ್ಕದಲ್ಲೇ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಬೇಕು. ಕರಗಿದ ಕೆಲವೇ ನಿಮಿಷಗಳಲ್ಲಿ ಮೈಗೆ ಹೋಗಬೇಕು. ಲ್ಯಾಬಿನವರು ಸಾಮಾನ್ಯವಾಗಿ ರೋಗಿಯ ಮುಖ ನೋಡುವುದಿಲ್ಲ. ಮೊದಲ ಸಲವಾದ್ದರಿಂದ ಮೇಡಂ ನನ್ನನ್ನೇ ಕಳಿಸಿದರು. ಹುಡುಗಿಯ ತಲೆಯಲ್ಲಿ ಕೂದಲಿರಲಿಲ್ಲ. ಕಣ್ಣು ಮಾತ್ರ ಚುರುಕಾಗಿತ್ತು. ನಾನು ಚೀಲವನ್ನು ನೀರಿನಲ್ಲಿ ಅಲ್ಲಾಡಿಸುತ್ತಿದ್ದರೆ ಅದನ್ನೇ ನೋಡುತ್ತಿದ್ದಳು.

‘ಯಾರ್ದು ಆಂಟಿ ಇದು?’ ಎಂದಳು.

‘ಹೇಳೋ ಹಾಗಿಲ್ಲ ಕಣಮ್ಮ.’

‘ಒಳ್ಳೆಯವ್ರಾ?’

‘ಹೂಂ. ತುಂಬಾ ಒಳ್ಳೆಯವ್ರು.’

ಅವಳು ತೋಳು ಚಾಚಿದಳು. ಚೀಲದಲ್ಲಿದ್ದದ್ದು ಮಜ್ಜಿಗೆಯ ತಿಳಿಯಂತಿದ್ದ ನಾಲ್ಕೈದು ಚಮಚ ದ್ರವ. ಹತ್ತು ನಿಮಿಷದಲ್ಲಿ ಖಾಲಿಯಾಯಿತು.

ಮೂರನೆಯ ದಿನ ಅವಳಿಗೆ ಜ್ವರ ಏರಿತು, ರಕ್ತದೊತ್ತಡ ಬಿತ್ತು. ಕಣಗಳು ಕ್ಯಾನ್ಸರಿನ ಮೇಲೆ ಬಿದ್ದಾಗ ಹೀಗಾಗುತ್ತದೆ, ಹಾಗಾಗುವುದು ಒಂದು ರೀತಿಯಲ್ಲಿ ಒಳ್ಳೆಯ ಸೂಚನೆಯೇ. ಆದರೆ ಅದೇ ಜ್ವರದಲ್ಲಿ ಜೀವ ಹೋದವರೂ ಇದ್ದಾರೆ. ಜೊತೆಗೆ ಇನ್ನೊಂದು ಭಯ ನನ್ನನ್ನು ಹಿಡಿದುಕೊಂಡಿತ್ತು. ಅಯಸ್ಕಾಂತಕ್ಕೆ ಸಿಗದ ಕಣಗಳು ಉಳಿದುಬಿಟ್ಟಿದ್ದರೆ? ಅವಳ ಚರ್ಮದ ಮೇಲೆ ದದ್ದು ಎದ್ದಿದೆಯೇ ಎಂದು ದಿನಕ್ಕೆರಡು ಸಲ ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತಿದ್ದೆ. ದದ್ದು ಬರಲಿಲ್ಲ. ಎಂಟನೆಯ ದಿನ ಜ್ವರ ಇಳಿಯಿತು. ತಿಂಗಳ ಕೊನೆಗೆ ಮೂಳೆಮಜ್ಜೆಯ ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಕಣ ಒಂದೂ ಸಿಗಲಿಲ್ಲ. ಮೇಡಂ ಆ ವರದಿಯನ್ನು ನನ್ನ ಮೇಜಿನ ಮೇಲಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ಬೆನ್ನು ನನ್ನ ಕಡೆಗಿತ್ತು. ತಿರುಗಿದಾಗ ಕನ್ನಡಕ ಒರೆಸುತ್ತಿದ್ದರು.

ಆ ವಾರವೂ ಮೇಷ್ಟರ ಫೋನ್ ಬಂತು. ‘ಏನಾರ ಸುದ್ದಿ ಅದಾ ಮೇಡಂ?’ ಎಂದರು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಲ್ಲ ರೋಗಿಗಳ ಸರದಿ ಮುಗಿಯುವ ತನಕ ದಾನಿಗೆ ಫಲಿತಾಂಶದ ಒಂದು ಮಾತೂ ಹೇಳುವಂತಿಲ್ಲ ಎಂಬುದು ನಿಯಮ. ಸ್ವಲ್ಪ ದಿನ ತಡೀರಿ ಸಾರ್, ನಾನೇ ಬಂದು ಹೇಳುತ್ತೇನೆ ಎಂದೆ. ಅದಕ್ಕೇನಂತೆ, ನಾನೆಲ್ಲಿಗೆ ಹೋಗುತ್ತೇನೆ ಎಂದರು.

ಅದಾಗಿ ಆರೇಳು ವಾರಕ್ಕೆ ಮೇಷ್ಟರು ಹೋಗಿಬಿಟ್ಟರು. ಬೆಳಿಗ್ಗೆ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದಾಗ ಮೈದಾನದಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ತಲುಪುವುದರೊಳಗೆ ಮುಗಿದಿತ್ತು. ರಕ್ತನಿಧಿಯ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿ ತಿಳಿಸಿದಳು. ನಾನು ಆಗ ತೊಟ್ಟಿಯ ಪಕ್ಕದಲ್ಲಿ ನಿಂತು ಸಾರಜನಕದ ಮಟ್ಟ ಅಳೆಯುತ್ತಿದ್ದೆ. ಅವರ ಎರಡನೆಯ ಚೀಲ ನನ್ನಿಂದ ಒಂದು ಮೊಳ ದೂರದಲ್ಲಿ, ಹೊಗೆಯಂಥ ಆ ಚಳಿಯೊಳಗೆ ಇತ್ತು. ಅದು ಸತ್ತಿರಲಿಲ್ಲ. ಎಷ್ಟು ವರ್ಷದ ಅನುಭವವಿದ್ದರೂ ಇಂಥದ್ದಕ್ಕೆ ಮನಸ್ಸು ಸಿದ್ಧವಿರುವುದಿಲ್ಲ.

ಆ ಹುಡುಗಿಯ ವಿಷಯ ಹೇಳಿಬಿಡಬೇಕಿತ್ತೇ? ನನ್ನನ್ನು ಕೇಳಿದರೆ ನಿಯಮ ಸರಿಯಾಗಿಯೇ ಇತ್ತು. ಎರಡನೆಯವರು ಉಳಿಯದಿದ್ದರೆ ಆ ಭಾರವೂ ದಾನಿಯ ಮೇಲೆ ಬೀಳಬಾರದು ಎಂಬುದೇ ಅದರ ಉದ್ದೇಶ. ಇದೆಲ್ಲ ಗೊತ್ತಿದ್ದೂ, ಅವರಿಗೆ ಹೇಳಲಿಲ್ಲವಲ್ಲ ಎಂಬುದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಎರಡನೆಯ ಚೀಲವನ್ನು ಬಳಸಲು ಮೇಷ್ಟರು ಸಹಿ ಮಾಡಿದ ಒಪ್ಪಿಗೆ ಪತ್ರವೇ ಸಾಕಿತ್ತು. ತಾವು ಇಲ್ಲದಿದ್ದರೂ ಬಳಸಬಹುದು ಎಂದು ಅದರಲ್ಲಿ ಬರೆದಿತ್ತು. ಇಂಥ ಪ್ರಯೋಗಗಳಿಗೆ ಅನುಮತಿ ಕೊಡುವ ಸಮಿತಿಯವರೂ ಹಾಗೆಯೇ ಹೇಳಿದರು. ಇಂದಿರಾ ಮೇಡಂ ಮಾತ್ರ, ‘ಕಾನೂನಿಗೆ ಸಾಕು. ಆದರೂ ಅವರ ಮನೆಯವರನ್ನ ಒಂದು ಮಾತು ಕೇಳಿ ಬನ್ನಿ’ ಎಂದು ನನ್ನನ್ನು ಕಳಿಸಿದರು.

ಕುವೆಂಪುನಗರದ ಮನೆಗೆ ಹೋದಾಗ ಮೇಷ್ಟರ ಹೆಂಡತಿ ಭಾಗ್ಯ ಬಾಗಿಲಲ್ಲೇ ನಿಂತಿದ್ದರು. ಸಣ್ಣ ಪ್ರಾಯ, ಮುಖ ಬತ್ತಿಹೋಗಿತ್ತು. ಮೇಷ್ಟರು ನನ್ನ ಬಗ್ಗೆ ಎಲ್ಲ ಹೇಳಿದ್ದರಂತೆ, ತೊಳೆಯುವುದು ಮರೆತು ಅತ್ತದ್ದನ್ನೂ. ಬಂದ ಕಾರಣ ಹೇಳಿದೆ. ಅವರು ಒಳಗೆ ಹೋಗಿ ನೀರು ತಂದುಕೊಟ್ಟು ಎದುರಿಗೆ ಕೂತರು.

‘ಅಂದ್ರೆ ಅಕ್ಕ, ಅವ್ರುದು ಇನ್ನೂ ಅಲ್ಲಿ ಬದುಕಿದ್ದದಾ?’

‘ಹೌದು. ಈಗ ನಿದ್ದೆ ಮಾಡ್ದಂಗೆ ಇರುತ್ತೆ. ಬೆಚ್ಚಗೆ ಮಾಡಿದ್ರೆ ಏಳುತ್ತೆ.’

‘ಯಾರಿಗೋ ಕೊಟ್ರೆ ಅದೂ ಮುಗುದೋಯ್ತದೆ.’

ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಬೇಡ ಎಂದರೆ ಇಟ್ಟುಕೊಳ್ಳುತ್ತೇವೆ, ಯಾರೂ ಬಲವಂತ ಮಾಡುವುದಿಲ್ಲ ಎಂದೂ ಹೇಳಿದೆ. ಭಾಗ್ಯ ಸೆರಗಿನಿಂದ ಮುಖ ಒರೆಸಿಕೊಂಡರು. ಕೊಡಿ, ಅವರು ಇದ್ದಿದ್ದರೆ ಒಂದು ಗಳಿಗೆಯೂ ಯೋಚನೆ ಮಾಡುತ್ತಿರಲಿಲ್ಲ ಎಂದರು. ನಾನು ಎದ್ದು ಗೇಟಿನ ತನಕ ಬಂದಿದ್ದೆ. ಹಿಂದಿನಿಂದ ಬಂದು ನನ್ನ ಕೈ ಹಿಡಿದುಕೊಂಡರು. ‘ಒಂದ್ಸಲ ನಾನು ನೋಡ್ಬೋದಾ ಅಕ್ಕ? ಒಂದೇ ಸಲ.’

ಚೀಲ ಹೋದದ್ದು ಕೊಳ್ಳೇಗಾಲದ ಕಡೆಯ ಒಬ್ಬ ವ್ಯಾಪಾರಿಗೆ. ಕಾಯಿಲೆ ಒಂದೂವರೆ ತಿಂಗಳು ಅಡಗಿ, ಮತ್ತೆ ಎದ್ದಿತು. ಅವರು ಉಳಿಯಲಿಲ್ಲ. ಗೆದ್ದದ್ದನ್ನಷ್ಟೇ ಬರೆದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ, ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಅದೇ ಕಣ, ಅದೇ ಕೈ, ಅದೇ ಕತ್ತರಿ. ಯಾಕೆ ಹೀಗಾಯಿತೆಂದು ಇಂದಿಗೂ ನಮಗೆ ಸರಿಯಾಗಿ ಗೊತ್ತಿಲ್ಲ.

ಪ್ರತಿ ಚೀಲದ ಜೊತೆ ಪರೀಕ್ಷೆಗೆಂದು ಒಂದು ಪುಟ್ಟ ಸೀಸೆಯನ್ನೂ ಹೆಪ್ಪುಗಟ್ಟಿಸಿ ಇಟ್ಟಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಮಿಕ್ಕದ್ದನ್ನು ಎಸೆಯಬೇಕು. ಆ ಮಿಕ್ಕ ಕಣಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಇನ್ಕ್ಯುಬೇಟರಿನಲ್ಲಿಟ್ಟು ಎರಡು ದಿನ ಚೇತರಿಸಿಕೊಳ್ಳಲು ಬಿಟ್ಟರೆ ಭಾಗ್ಯ ನೋಡಬಹುದಿತ್ತು. ಅಳುಕುತ್ತಲೇ ಮೇಡಂ ಹತ್ತಿರ ಕೇಳಿದೆ. ನಿಯಮ ಬಿಟ್ಟು ಅವರು ಒಂದು ಹೆಜ್ಜೆ ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಲಾಗ್‌ಬುಕ್ ತೆಗೆದು, ಆ ತಟ್ಟೆಯ ಮುಂದೆ ‘ತರಬೇತಿಗಾಗಿ’ ಎಂದು ತಮ್ಮ ಕೈಯಾರೆ ಬರೆದರು. ಆಮೇಲೆ ತಲೆಯೆತ್ತಿ, ‘ಬರೆದದ್ದು ಸುಳ್ಳಾಗಬಾರದು. ಹೊಸ ಹುಡುಗಿಯರಿಗೆ ಆ ತಟ್ಟೆಯ ಮೇಲೇ ಕಲಿಸಿ’ ಎಂದರು.

ಭಾಗ್ಯ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಚಪ್ಪಲಿ ಬಿಡಿಸಿ, ಗೌನು, ಟೋಪಿ, ಮಾಸ್ಕ್ ಎಲ್ಲ ಹಾಕಿಸಿದೆ. ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಸರಿಯಾಗಿ ಕಾಣುವಂತೆ ಮಾಡಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಮೊದಲು ಅವರಿಗೆ ಏನೂ ಕಾಣಲಿಲ್ಲ. ಎರಡೂ ಕಣ್ಣು ಬಿಟ್ಟು ನೋಡಿ ಎಂದೆ. ಸ್ವಲ್ಪ ಹೊತ್ತಿಗೆ ಅವರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಕಂಡಿದೆ ಎಂದು ಗೊತ್ತಾಯಿತು.

‘ಓಡಾಡ್ತಾವೆ’ ಎಂದರು.

‘ಹೂಂ.’

‘ಊಟಕ್ಕೆ ಏನ್ ಕೊಡ್ತೀರಿ?’

ಸಕ್ಕರೆ, ಉಪ್ಪು, ಸ್ವಲ್ಪ ಪ್ರೋಟೀನು, ಎಲ್ಲ ಕಲಸಿದ ನೀರು, ಎರಡು ದಿನಕ್ಕೊಂದು ಸಲ ಎಂದೆ. ಕೈಯಾರೆ ಹಾಕ್ತೀರಾ ಎಂದು ಕೇಳಿದರು. ಹೌದು, ನಾನೇ ಹಾಕುತ್ತೇನೆ ಎಂದೆ. ಅವರು ಮತ್ತೆ ಬಗ್ಗಿ ನೋಡುತ್ತಾ ಕೂತರು. ಅದರಿಂದ ಯಾರಿಗಾದರೂ ಗುಣವಾಯಿತೇ ಎಂದು ಅವರು ಕೇಳಲಿಲ್ಲ. ಕೇಳಿದರೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟು ಹೊತ್ತೂ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ ಇಂದಿರಾ ಮೇಡಂ ಮುಂದೆ ಬಂದರು. ಇಬ್ಬರು ರೋಗಿಗಳ ಸರದಿಯೂ ಮುಗಿದಿತ್ತು, ಇನ್ನು ಹೇಳಬಾರದೆಂಬ ಕಟ್ಟಿರಲಿಲ್ಲ.

‘ಇಬ್ಬರಿಗೆ ಕೊಟ್ಟೆವಮ್ಮ’ ಎಂದರು. ‘ಒಬ್ಬರು ಉಳೀಲಿಲ್ಲ. ಇನ್ನೊಬ್ಬರು ಗುಣವಾಗಿ ಮನೆಗೆ ಹೋದರು.’

ಭಾಗ್ಯ ತಲೆಯೆತ್ತಿ ಅವರನ್ನು ನೋಡಿದರು.  ಮಾಸ್ಕನ್ನು ಒಂಚೂರು ಸರಿಸಿಕೊಂಡು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಆಮೇಲೆ ಪಕ್ಕದಲ್ಲಿ ಕೂತವರೊಡನೆ ಆಡುವಷ್ಟು ಮೆಲ್ಲನೆ, ‘ಕೇಳುಸ್ತಾ ರೀ?’ ಎಂದರು. ‘ಒಬ್ರು ಮನೆಗೋದ್ರಂತೆ.’

ಮೇಡಂ ಹೊರಗೆ ಹೋದರು. ನಾನು ಹೋಗಲಿಲ್ಲ. ಭಾಗ್ಯ ಹೊರಡುವ ತನಕ ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.

ಆ ತಟ್ಟೆಯ ಮೇಲೆ, ನಿಮಗಿಂತ ಮುಂಚೆ ಸೇರಿದ್ದ ಇಬ್ಬರು ಹುಡುಗಿಯರು ಕೈ ಪಳಗಿಸಿಕೊಂಡರು. ಗುಳ್ಳೆ ಏಳದಂತೆ ದ್ರವ ಹೀರುವುದು, ಕಣ ಎಣಿಸುವುದು, ಊಟ ಬದಲಿಸುವುದು. ಅದು ಯಾರದೆಂದು ಅವರಿಗೆ ಹೇಳಿರಲಿಲ್ಲ. ಮೆತ್ತಗೆ ಮಾಡಿ, ಮೆತ್ತಗೆ ಎಂದು ನಾನು ಯಾಕೆ ಅಷ್ಟು ಸಲ ಹೇಳುತ್ತಿದ್ದೆನೋ ಅವರಿಗೆ ಅರ್ಥವಾಗಿರಲಾರದು. ಇಂಥ ಕಣಗಳು ಕೊನೆಯಿಲ್ಲದೆ ಬೆಳೆಯುವುದಿಲ್ಲ. ಮೂರನೆಯ ವಾರಕ್ಕೆ ಓಡಾಟ ಕಡಿಮೆಯಾಯಿತು. ದ್ರವ ಹಳದಿಗೆ ತಿರುಗದೆ ಗುಲಾಬಿಯಾಗಿಯೇ ಉಳಿಯತೊಡಗಿತು, ಅಂದರೆ ತಿನ್ನುವವರಿಲ್ಲ ಎಂದರ್ಥ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಹತ್ತು ಕಡೆ ಹುಡುಕಿದರೂ ಒಂದೂ ಅಲ್ಲಾಡಲಿಲ್ಲ. ಕ್ರಮದ ಪ್ರಕಾರ ಬ್ಲೀಚ್ ಸುರಿದು ಎಸೆಯಬೇಕು. ನಾನು ಬಾಟಲಿ ಹಿಡಿದು ನಿಂತಿದ್ದನ್ನು ನೋಡಿ ಮೇಡಂ ಬಂದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಆ ಕೆಲಸವನ್ನು ತಾವೇ ಮುಗಿಸಿದರು.

ನನ್ನ ನಿವೃತ್ತಿಗೆ ಆಗ ನಾಲ್ಕು ತಿಂಗಳಿತ್ತು. ಆಮೇಲೆ ಬೇರೆ ದಾನಿಗಳ ಕಣಗಳನ್ನು ಬೆಳೆಸಿದೆ. ಹೊಸ ಯಂತ್ರ ಬಂತು. ತೊಳೆಯುವುದು, ಕತ್ತರಿಸುವುದು, ತುಂಬುವುದು ಎಲ್ಲ ಮುಚ್ಚಿದ ಕೊಳವೆಗಳೊಳಗೇ ನಡೆಯುತ್ತದೆ, ಮನುಷ್ಯರ ಕೈ ಸೋಕುವುದಿಲ್ಲ. ಒಳ್ಳೆಯದೇ, ನನ್ನಂಥ ತಪ್ಪು ನಿಮ್ಮಿಂದ ಆಗುವುದಿಲ್ಲ. ಆದರೂ ದಿನಕ್ಕೊಂದು ಸಲ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನಿಮ್ಮ ಕಣ್ಣಾರೆ ನೋಡಿ. ಪರದೆಯ ಮೇಲಿನ ಅಂಕಿ ನೋಡಿ ಎದ್ದು ಹೋಗಬೇಡಿ. ನನಗೆ ಸಂಬಳವಿಲ್ಲದೆ ಒಂದು ಗಂಟೆ ಆ ಸ್ಟೂಲಿನ ಮೇಲೆ ಕೂರಲು ಬಿಟ್ಟರೆ ಇವತ್ತೇ ಬರುತ್ತೇನೆ.

ತಟ್ಟೆ ಮುಗಿದ ದಿನ ಭಾಗ್ಯ ಅವರಿಗೆ ಹೇಳಬೇಕೋ ಬೇಡವೋ ಎಂದು ಮಧ್ಯಾಹ್ನದ ತನಕ ಯೋಚಿಸಿದೆ. ಒಮ್ಮೆ ಮೇಷ್ಟರಿಗೆ ಹೇಳದೆ ಸುಮ್ಮನಿದ್ದು ಪಟ್ಟ ಪಾಡು ಸಾಕಾಗಿತ್ತು. ಊಟದ ಹೊತ್ತಿಗೆ ಹೊರಗೆ ಬಂದು ಫೋನ್ ಮಾಡಿದೆ. ಭಾಗ್ಯ, ಇವತ್ತು ಬೆಳಿಗ್ಗೆ ನಿಂತಿತು ಎಂದೆ. ಆ ಕಡೆಯಿಂದ ರಸ್ತೆಯಲ್ಲಿ ಯಾವುದೋ ಗಾಡಿ ಹೋದ ಸದ್ದು, ಕುಕ್ಕರಿನ ಸೀಟಿ. ಆಮೇಲೆ ಅವರು ಮಾತಾಡಿದರು, ಸ್ವರ ಒಡೆದಿರಲಿಲ್ಲ.

‘ಈ ಸಲ ಯೋಳಿ ಓದ್ರು ಬುಡಿ ಅಕ್ಕ. ಅವತ್ತು ಏನೂ ಯೋಳ್ದೆ ಓಗ್ಬುಟ್ಟಿದ್ರು.’